ಅವಿಯಲ್ ಹಾಡಿತು, ಸಂಗೀತಾ ಬಡಿಸಿತು

ಹಾಡುವವರಿಗೆ ಹೆಸರು ಬೇಕಾದರೆ ಅಡುಗೆಮನೆಗೆ ನುಗ್ಗುತ್ತಾರೆ, ಅಡುಗೆಯವರಿಗೆ ಹೆಸರು ಬೇಕಾದರೆ ಹಾಡಿನ ಕಡೆ ನೋಡುತ್ತಾರೆ. ಕೇರಳದ ಹುಡುಗರು ರಾಕ್ ಬ್ಯಾಂಡ್ ಕಟ್ಟಿ ‘ಅವಿಯಲ್’ ಅಂದರು. ಚೆನ್ನೈಯವರು ‘ಲಾ ಪೊಂಗಲ್’ ಅಂದರು. ಅದೇ ಚೆನ್ನೈಯಲ್ಲಿ ನಿಜವಾದ ಪೊಂಗಲ್ ತಿನ್ನಬೇಕು ಅನ್ನಿಸಿದರೆ ನಾವು ಹೋಗುವುದು ‘ಸಂಗೀತಾ’ಗೆ. ‘ಗೀತಂ’ ಅಂತ ಇನ್ನೊಂದಿದೆ, ಅಲ್ಲೂ ಸಿಗುವುದು ಇಡ್ಲಿ ವಡೆಯೇ. ಹೊಸಬರು ಯಾರಾದರೂ ಬರೀ ಬೋರ್ಡು ಓದಿಕೊಂಡು ಈ ಊರು ಸುತ್ತಿದರೆ ಕಛೇರಿ ಕೇಳಲು ಹೋಗಿ ಕಾಫಿ ಕುಡಿದು ಬರುತ್ತಾರೆ. ಅದರಲ್ಲಿ ನಷ್ಟವೇನೂ ಇಲ್ಲ ಬಿಡಿ.

ಬೆಂಗಳೂರಿನ ‘ಸಂಗೀತಾ’ ಕಥೆ ಇನ್ನೂ ಮಜಾ. ಅದು ಈಗ ಮೊಬೈಲ್ ಅಂಗಡಿ. ಆದರೆ 1974ರಲ್ಲಿ ಶುರುವಾದಾಗ ಮಾರುತ್ತಿದ್ದದ್ದು ಗ್ರಾಮಫೋನ್ ತಟ್ಟೆಗಳನ್ನು. ಹೆಸರಿಗೆ ಒಂದು ಕಾಲಕ್ಕೆ ಅರ್ಥವಿತ್ತು. ತಟ್ಟೆ ಹೋಯಿತು, ಹೆಸರು ಉಳಿಯಿತು. ಈಗ ಅಲ್ಲಿ ಕೊಂಡ ಫೋನಿನಲ್ಲೇ ಜನ ಹಾಡು ಕೇಳುವುದರಿಂದ ಲೆಕ್ಕ ಸರಿಹೋಯಿತು ಅನ್ನಬಹುದು.

ಈ ಮಾತೆಲ್ಲ ಎದ್ದದ್ದು ಚೆನ್ನೈಯ ಪೆರುಂಗುಡಿಯಲ್ಲಿ, ನಮ್ಮ ಕಾಂಪೌಂಡ್ ಗೋಡೆಯ ಬಳಿ. ಆ ಕಡೆ ರಾಯರು, ಈ ಕಡೆ ನಾನು. ರಾಯರು ಉಡುಪಿ ಕಡೆಯವರು. ಮೈಲಾಪುರದ ಹೋಟೆಲೊಂದರ ಗಲ್ಲಾದಲ್ಲಿ ಕೂತೇ ತಲೆ ನರೆಸಿಕೊಂಡು, ಮಗ ಇತ್ತ ಓಎಂಆರ್ ರಸ್ತೆಯಲ್ಲಿ ಕಂಪ್ಯೂಟರ್ ಕೆಲಸಕ್ಕೆ ಸೇರಿದ ಮೇಲೆ ಇಲ್ಲಿಗೆ ಬಂದವರು. ನನ್ನ ಸೋದರಳಿಯನಿಗೂ ಇಲ್ಲೇ ಕೆಲಸ. ಅವನು ಸಹೋದ್ಯೋಗಿಗಳ ಜೊತೆ ಬ್ಯಾಂಡ್ ಕಟ್ಟಿದ್ದಾನೆ, ಹೆಸರು ಸಿಗುತ್ತಿಲ್ಲ ಅಂತ ರಾಯರಿಗೆ ಹೇಳಿದೆ.

“ಏನೋ ಒಂದು ಹೆಸರು, ಅದರ ಮುಂದೆ ಪ್ರಾಜೆಕ್ಟ್ ಅಂತ ಸೇರಿಸುತ್ತಾರಂತೆ ರಾಯರೆ.”

“ಎಂತದು ಮಾರಾಯ್ರೆ, ಅವನಿಗೆ ಈಗ ಪ್ರಾಜೆಕ್ಟ್ ಇಲ್ವಾ? ಬೆಂಚಿನಲ್ಲಿ ಕೂರಿಸಿದ್ದಾರಾ?”

ಪೆರುಂಗುಡಿಯಲ್ಲಿ ಪ್ರಾಜೆಕ್ಟ್ ಅಂದರೆ ಅನ್ನದ ಪ್ರಶ್ನೆ. ಹಾಡಿಗೂ ಆ ಹೆಸರು ಹೇಗೆ ಅಂಟಿತು ಅಂತ ವಿವರಿಸಬೇಕಾಯಿತು. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಮೊದಲು ಕಟ್ಟಿದ್ದು ‘ಅಂತರಾಗ್ನಿ’. ಅದೇ ಹೆಸರಿನಲ್ಲಿ ಕಾನ್ಪುರದ ಐಐಟಿಯವರ ಸಾಂಸ್ಕೃತಿಕ ಹಬ್ಬವೂ ಇದೆ. ಆ ಬ್ಯಾಂಡ್ ಮುಗಿದ ಮೇಲೆ ಅವರು ತಮ್ಮ ಹೆಸರನ್ನೇ ಮುಂದಿಟ್ಟು ‘ರಘು ದೀಕ್ಷಿತ್ ಪ್ರಾಜೆಕ್ಟ್’ ಮಾಡಿಕೊಂಡರು. ಪ್ರಾಜೆಕ್ಟ್ ಅನ್ನುವುದು ಯಾರ ಸ್ವತ್ತೂ ಅಲ್ಲ, ರಘು ದೀಕ್ಷಿತ್ ಮಾತ್ರ ಒಬ್ಬರೇ. ಅದು ಬುದ್ಧಿವಂತರ ಕೆಲಸ. ನಮ್ಮ ಹುಡುಗನಿಗೆ ಮುಂದಿಡಲು ಅಂಥ ಹೆಸರು ಇನ್ನೂ ಹುಟ್ಟಿಲ್ಲ.

“ಜೆಮಿನಿಯನ್ನೂ ಕೇಳಿದ್ದಾನೆ” ಅಂದೆ.

“ಜೆಮಿನಿ ಹತ್ರ ಯಾರನ್ನು ಕೇಳಿದ? ಫ್ಲೈಓವರ್ ಕೆಳಗಾ?”

ರಾಯರದು ತಪ್ಪಲ್ಲ. ಚೆನ್ನೈಯವರಿಗೆ ಜೆಮಿನಿ ಅಂದರೆ 1973ರಲ್ಲಿ ಎದ್ದ ಮೇಲ್ಸೇತುವೆ. ಸರ್ಕಾರಿ ದಾಖಲೆಯಲ್ಲಿ ಅದು ಅಣ್ಣಾ ಮೇಲ್ಸೇತುವೆ, ಬಸ್ಸಿನವರ ಬಾಯಲ್ಲಿ ಜೆಮಿನಿ. ಆ ಹೆಸರು ಬಂದದ್ದು ಪಕ್ಕದಲ್ಲಿದ್ದ ಎಸ್. ಎಸ್. ವಾಸನ್ ಅವರ ಸ್ಟುಡಿಯೋದಿಂದ. ಸ್ಟುಡಿಯೋದಲ್ಲಿ ಕೆಲಸಕ್ಕಿದ್ದ ಗಣೇಶನ್ ‘ಜೆಮಿನಿ ಗಣೇಶನ್’ ಆದರು. ತೆಲುಗಿನ ಟೀವಿ ಚಾನೆಲ್ಲೂ ಜೆಮಿನಿ, ಸರ್ಕಸ್ ಕಂಪನಿಯೂ ಜೆಮಿನಿ. ಈಗ ಗೂಗಲ್‌ನವರು ತಮ್ಮ ಮಾತಾಡುವ ಯಂತ್ರಕ್ಕೂ ಅದನ್ನೇ ಇಟ್ಟಿದ್ದಾರೆ. ನಮ್ಮ ಹುಡುಗ ಕೇಳಿದ್ದು ಅದನ್ನು. ನಾದ, ಸ್ವರ, ಲಯ ಬರಬೇಕು ಅಂತ ಇವನೇ ಕೇಳಿದ್ದನಂತೆ, ಬಂದ ಪಟ್ಟಿಯಲ್ಲೂ ಅವೇ ಇದ್ದವು. ಕನ್ನಡಿಗರಿಗೆ ನಾಮಕರಣ ಅಂದ ತಕ್ಷಣ ಸಂಸ್ಕೃತ ನೆನಪಾಗುವುದು ಯಾಕೋ! ಬೆಂಗಳೂರಿನ ಒಂದು ತಂಡ ‘ಲಗೋರಿ’ ಅಂತ ಇಟ್ಟುಕೊಂಡಿತಲ್ಲ, ಅದು ಬಾಯಿಗೆ ಎಷ್ಟು ಸಲೀಸು! ನಾನಂತೂ ‘ಒಗ್ಗರಣೆ’ ಇಡು ಅಂದೆ. 2014ರಲ್ಲೇ ಪ್ರಕಾಶ್ ರೈ ಸಿನಿಮಾ ಮಾಡಿ ಮುಗಿಸಿದ್ದಾರೆ ಮಾವ ಅಂದ.

“ಊರಿನ ಹೆಸರು ಇಡ್ಲಿಕ್ಕೆ ಹೇಳಿ. ನಮ್ಮವರು ಉಡುಪಿ ಅಂತ ಬರೆದೇ ಗೆದ್ದದ್ದಲ್ವಾ?”

ಇಟ್ಟವರಿದ್ದಾರೆ. ಕೊಚ್ಚಿಯ ‘ತೈಕ್ಕುಡಂ ಬ್ರಿಡ್ಜ್’ ಅಲ್ಲಿನ ಒಂದು ಜಾಗದ ಹೆಸರೇ. ಆದರೆ ಪೆರುಂಗುಡಿಯಲ್ಲಿ ಹಾಡಿಗೆ ಒದಗುವಂಥದ್ದು ಏನಿದೆ? ಒಂದು ಕಸದ ಗುಡ್ಡ. ಆ ಜಾತಿಯ ಹೆಸರೂ ಖರ್ಚಾಗಿದೆ, ಚೆನ್ನೈಯಲ್ಲೇ ‘ಜಂಕ್‌ಯಾರ್ಡ್ ಗ್ರೂವ್’ ಅಂತ ತಂಡವಿತ್ತು. ಇಲ್ಲಿನ ಎಸ್‌ಆರ್‌ಪಿ ಟೂಲ್ಸ್ ಬಸ್ ಸ್ಟಾಪಿನ ನೆನಪಿಗೆ ‘ಟೂಲ್ಸ್’ ಇಡೋಣ ಅಂದರೆ ಅಮೆರಿಕದಲ್ಲಿ 1990ರಿಂದ ‘ಟೂಲ್’ ಹಾಡುತ್ತಿದೆ. ಅದೇ ವರ್ಷ ದೆಹಲಿಯಲ್ಲಿ ಒಂದು ತಂಡ ಇಡೀ ಹಿಂದೂ ಮಹಾಸಾಗರವನ್ನೇ ಎತ್ತಿಕೊಂಡು ‘ಇಂಡಿಯನ್ ಓಶನ್’ ಆಯಿತು. ಈಗ ಫೋನಿನಲ್ಲಿ ಆ ಎರಡು ಪದ ಹಾಕಿ, ಮೊದಲು ಭೂಪಟ ಬರುತ್ತದೋ ಹಾಡು ಬರುತ್ತದೋ ನೋಡಿ. ಬಳಕೆಯ ಪದ ಇಟ್ಟುಕೊಂಡವರು ಹೊಸದರಲ್ಲಿ ತಮ್ಮದೇ ಹೆಸರಿನ ಜೊತೆ ಪೈಪೋಟಿಗೆ ಬೀಳಬೇಕು.

ರಾಯರ ಅನುಮಾನ ಬೇರೆ ಕಡೆಗಿತ್ತು. “ಎಲ್ಲರೂ ಆಡುವ ಮಾತನ್ನು ಒಬ್ಬ ತನ್ನದು ಅಂತ ಹೇಳ್ಲಿಕ್ಕೆ ಆಗ್ತದಾ?”

ಗೋಮಾಳದ ಹಾಗೆ, ದನ ಮೇಯಿಸಬಹುದು, ಬೇಲಿ ಹಾಕುವ ಹಾಗಿಲ್ಲ ಅಂದೆ. ದನದ ಮಾತು ಬಂದದ್ದೇ ನಂದಿನಿ ನೆನಪಾಯಿತು. ಕರ್ನಾಟಕದ ಹಾಲು ಮಹಾಮಂಡಳ 1985ರಿಂದ ‘ನಂದಿನಿ’ ಅಂತ ಹಾಲು ಮಾರುತ್ತಿದೆ. 1989ರಿಂದ ಬೆಂಗಳೂರಿನಲ್ಲಿ ‘ನಂದಿನಿ ಡೀಲಕ್ಸ್’ ಹೋಟೆಲೂ ಇದೆ, ಇಂಗ್ಲಿಷಿನಲ್ಲಿ ಬರೆಯುವಾಗ ಒಂದು ಎಚ್ ಜಾಸ್ತಿ. ಒಂದು ಕಡೆ ಹಾಲು, ಇನ್ನೊಂದು ಕಡೆ ಆಂಧ್ರದ ಖಾರದ ಊಟ. ಹೋಟೆಲಿನವರು ತಮ್ಮ ತಿನಿಸುಗಳಿಗೆ ಟ್ರೇಡ್‌ಮಾರ್ಕ್ ಕೇಳಿದಾಗ ಜಗಳ ಹತ್ತಿತು. ಟ್ರೇಡ್‌ಮಾರ್ಕ್ ಕಚೇರಿ ಹೂಂ ಅಂದಿತು, ಮೇಲ್ಮನವಿ ಮಂಡಳಿ ಊಹೂಂ ಅಂದಿತು, ಕರ್ನಾಟಕ ಹೈಕೋರ್ಟೂ ಊಹೂಂ ಅಂದಿತು. ಕೊನೆಗೆ ಸುಪ್ರೀಂ ಕೋರ್ಟು 2018ರ ಜುಲೈ 26ರಂದು ಹೋಟೆಲಿನವರ ಪರ ನಿಂತಿತು. ನಂದಿನಿ ಯಾರೂ ಹೊಸದಾಗಿ ಕಟ್ಟಿದ ಪದವಲ್ಲ, ನಮ್ಮ ಪುರಾಣದ್ದು. ಸರಕು ಬೇರೆ, ಚಿತ್ರ ಬೇರೆ, ಕೊಳ್ಳುವವರಿಗೆ ಗೊಂದಲವಾಗದು ಅನ್ನುವುದು ತೀರ್ಪಿನ ಸಾರಾಂಶ. ಒಂದೇ ಷರತ್ತು: ಹಾಲು ಮತ್ತು ಹಾಲಿನ ಪದಾರ್ಥಕ್ಕೆ ಹೋಟೆಲಿನವರು ಆ ಹೆಸರು ಹಚ್ಚಬಾರದು. ನನಗೆ ಈ ತೀರ್ಪು ಸರಿಯಾಗಿಯೇ ಕಂಡಿತು. ಬೆಂಗಳೂರಿನಲ್ಲಿ ಬಿರಿಯಾನಿ ತಿನ್ನಲು ಹೋಗಿ ಮೊಸರಿನ ಪ್ಯಾಕೆಟ್ ತಂದವರನ್ನು ನಾನಂತೂ ಕಂಡಿಲ್ಲ.

“ಹಾಲಿಗೆ ಬೇರೆ, ಊಟಕ್ಕೆ ಬೇರೆಯಾ?” ರಾಯರು ಗೋಡೆಗೆ ಇನ್ನಷ್ಟು ಒರಗಿದರು.

ಬೇರೆಯೇ. ಟ್ರೇಡ್‌ಮಾರ್ಕಿನಲ್ಲಿ ಸರಕು, ಸೇವೆ ಎಲ್ಲ ಸೇರಿ 45 ಕ್ಲಾಸುಗಳಿವೆ. ಹಾಲು 29, ಹೋಟೆಲ್ 43, ಹಾಡು ಕುಣಿತ ಮನರಂಜನೆ 41. ಕರ್ನಾಟಕದವರ ಅರ್ಜಿಯನ್ನು ನೋಡುವ ಟ್ರೇಡ್‌ಮಾರ್ಕ್ ಕಚೇರಿಯೂ ಇರುವುದು ಇಲ್ಲೇ, ಗಿಂಡಿಯ ಜಿಎಸ್‌ಟಿ ರಸ್ತೆಯಲ್ಲಿ. ಬೆಂಗಳೂರಿನಲ್ಲಿ ಬ್ಯಾಂಡ್ ಕಟ್ಟಿದವನ ಹೆಸರಿಗೂ ಪೆರುಂಗುಡಿಯಿಂದ ಕೂಗಳತೆಯಲ್ಲೇ ಮುದ್ರೆ ಬೀಳುತ್ತದೆ ಅಂದಾಗ ರಾಯರಿಗೆ ಏಕೋ ತುಂಬ ಹೆಮ್ಮೆಯಾಯಿತು.

ಆದರೆ ಕ್ಲಾಸುಗಳ ಗೋಡೆ ಎಲ್ಲ ಕಾಲಕ್ಕೂ ನಿಲ್ಲುವುದಿಲ್ಲ. ಬೀಟಲ್ಸ್‌ನವರು 1968ರಲ್ಲಿ ‘ಆಪಲ್’ ಅಂತ ಸಂಗೀತದ ಕಂಪನಿ ಮಾಡಿದರು. 1976ರಲ್ಲಿ ಇನ್ನಿಬ್ಬರು ಹುಡುಗರು ಅದೇ ಸೇಬಿನ ಹೆಸರಲ್ಲಿ ಕಂಪ್ಯೂಟರ್ ಮಾಡಿದರು. ಕಂಪ್ಯೂಟರಿನವರು ಸಂಗೀತದ ತಂಟೆಗೆ ಬರುವುದಿಲ್ಲ ಅಂತ 1981ರಲ್ಲಿ ರಾಜಿಯಾಯಿತು. ಆಮೇಲೆ ಕಂಪ್ಯೂಟರೇ ಹಾಡಲು ಕಲಿಯಿತಲ್ಲ! ಮತ್ತೆ ಕೋರ್ಟು, ಮತ್ತೆ ರಾಜಿ, 1991ರಲ್ಲಿ ಕಂಪ್ಯೂಟರಿನವರು ಎರಡೂವರೆ ಕೋಟಿ ಡಾಲರಿಗೂ ಮೇಲೆ ತೆತ್ತರು. 2007ರಲ್ಲಿ ಎಲ್ಲ ಮುಗಿದಾಗ ಸೇಬು ಪೂರ್ತಿ ಕಂಪ್ಯೂಟರಿನವರದಾಗಿತ್ತು, ಬೀಟಲ್ಸ್‌ನವರು ಅವರ ಪರವಾನಗಿಯಲ್ಲಿ ಬಳಸಬೇಕು. ರಾಯರು ಇದನ್ನು ಕೇಳಿ “ಬಾಡಿಗೆದಾರನೇ ಮನೆ ಯಜಮಾನ ಆದ” ಅಂದರು. ಹೋಟೆಲಿನವರ ಅನುಭವ ದೊಡ್ಡದು.

ಮತ್ತೆ ಅವರು ತಮ್ಮ ಹೋಟೆಲ್ ಜನರ ಕಥೆ ತೆಗೆದರು. 1938ರಲ್ಲಿ ಕೃಷ್ಣರಾಯರು ಅನ್ನುವವರು ರಾಯಪೇಟೆಯಲ್ಲಿ ರಾಮನಾಡಿನ ರಾಜರ ಬಂಗಲೆ ಬಾಡಿಗೆಗೆ ಹಿಡಿದು ಹೋಟೆಲ್ ಮಾಡಿದರು. ಬಂಗಲೆಗೆ ‘ವುಡ್‌ಲ್ಯಾಂಡ್ಸ್’ ಅಂತ ಹೆಸರಿತ್ತು, ಅದೇ ಹೋಟೆಲಿನದೂ ಆಯಿತು. ಅಂದರೆ ಹೆಸರು ಹುಡುಕಲು ಒಂದು ಗಳಿಗೆಯೂ ಹಿಡಿಯಲಿಲ್ಲ. ಆ ಬಂಗಲೆ ಬಿಟ್ಟು ಮೈಲಾಪುರದ ಕಡೆ ಬಂದಾಗ ‘ನ್ಯೂ ವುಡ್‌ಲ್ಯಾಂಡ್ಸ್’. 1962ರಲ್ಲಿ ಕೆಥೆಡ್ರಲ್ ರಸ್ತೆಯಲ್ಲಿ ಕಾರಿನೊಳಗೇ ಕೂತು ದೋಸೆ ತಿನ್ನುವ ಡ್ರೈವ್-ಇನ್. 2008ರಲ್ಲಿ ಅದು ಮುಚ್ಚಿತು, ಈಗ ಅಲ್ಲಿ ಸೆಮ್ಮೊಳಿ ಪೂಂಗಾ ಅನ್ನುವ ಉದ್ಯಾನ. ರಾಯರು ಹರೆಯದಲ್ಲಿ ಅಲ್ಲಿಗೆ ಕಾಫಿಗೆ ಹೋಗುತ್ತಿದ್ದರಂತೆ, ಕಾರಿಲ್ಲದೆ, ಸೈಕಲ್ಲಿನಲ್ಲಿ. ಮುಂದೆ ಆ ಹೆಸರು ಊರೂರಿಗೆ ಹೋಯಿತು, ಕಡಲು ದಾಟಿ ಪರದೇಶಕ್ಕೂ ಹೋಯಿತು. “ಎಲ್ಲ ಒಂದೇ ಯಜಮಾನರದ್ದಲ್ಲ ಮಾರಾಯ್ರೆ. ವುಡ್‌ಲ್ಯಾಂಡ್ಸ್ ಅಂದ್ರೆ ಅಲ್ಲಿ ಸಾಂಬಾರು ಸಮ ಇರ್ತದೆ ಅಂತ ಜನ ಒಳಗೆ ಬರ್ತಾರೆ, ಅಷ್ಟೇ.” ಕಾಡಿಗೂ ಸಾಂಬಾರಿಗೂ ಏನು ಸಂಬಂಧ ಅಂತ ಇವತ್ತಿಗೂ ಯಾರೂ ಕೇಳಿಲ್ಲ.

ನಮ್ಮ ಸಿನಿಮಾದವರಲ್ಲಿ ಪದವೇ ಹೋಗಿ ಮನುಷ್ಯರಿಗೆ ಅಂಟುತ್ತದೆ. ದುನಿಯಾ ವಿಜಯ್, ನೆನಪಿರಲಿ ಪ್ರೇಮ್. ಚಂದ್ರು ಅಂದರೆ ಯಾವ ಚಂದ್ರು? ಸಿಹಿಕಹಿ ಚಂದ್ರು, ಇಲ್ಲವೇ ಮುಖ್ಯಮಂತ್ರಿ ಚಂದ್ರು. ಒಂದು ಟೀವಿ ಧಾರಾವಾಹಿ, ಒಂದು ನಾಟಕ ಇಬ್ಬರನ್ನೂ ಬೇರೆ ಬೇರೆ ನಿಲ್ಲಿಸಿವೆ. ಇತ್ತ ತಮಿಳಿನಲ್ಲಿ ಒಬ್ಬ ಗಣೇಶನ್‌ಗೆ ಸ್ಟುಡಿಯೋ ಅಂಟಿದರೆ ಇನ್ನೊಬ್ಬರಿಗೆ ನಾಟಕದ ಶಿವಾಜಿ ಪಾತ್ರ ಅಂಟಿತು. ಇವರು ಯಾರೂ ಹೆಸರಿಗಾಗಿ ಪಟ್ಟಿ ಮಾಡಿದವರಲ್ಲ.

ಅಷ್ಟು ಹೊತ್ತಿಗೆ ಸೋದರಳಿಯನೇ ಬಂದ. ರಾಯರು ಗಲ್ಲಾದ ಲೆಕ್ಕ ಹಿಡಿದರು. ಟ್ರೇಡ್‌ಮಾರ್ಕ್ ಅರ್ಜಿಗೆ ಎಷ್ಟು? ಒಬ್ಬನೇ ಆನ್‌ಲೈನಿನಲ್ಲಿ ಹಾಕಿದರೆ ಒಂದು ಕ್ಲಾಸಿಗೆ 4,500 ರೂಪಾಯಿ. ಕಾರ್ಯಕ್ರಮಕ್ಕೆ 41, ರೆಕಾರ್ಡಿಗೆ 9, ಟೀ ಶರ್ಟಿಗೆ 25. ಮೂರು ಸೇರಿ 13,500.

“ಹಾಡು ಎಷ್ಟು ಆಯ್ತಾ?”

“ಇನ್ನೂ ಇಲ್ಲ ಅಂಕಲ್. ಟೀ ಶರ್ಟ್ ಆರ್ಡರ್ ಮಾಡಿದ್ದೇವೆ. ಎದೆ ಮೇಲೆ ಹೆಸರಿಗೆ ಜಾಗ ಬಿಡಿ ಅಂತ ಹೇಳಿದ್ದೇವೆ.”

“ನನಗೊಂದು ಎಕ್ಸೆಲ್ ಹೇಳು” ಅಂದರು ರಾಯರು. “ಹೆಸರು ಹಾಕದೆ ಇದ್ರೂ ಅಡ್ಡಿಲ್ಲ, ವಾಕಿಂಗಿಗೆ ಆಗ್ತದೆ.”