ಕೌದಿ ಹೊದ್ದ ಸ್ಟುಡಿಯೊ

ರಾಯಚೂರಿನವರಿಗೆ ಕಲ್ಲಿಗೇನೂ ಬರವಿಲ್ಲ. ಬೆಟ್ಟ ಕಲ್ಲು, ಕೋಟೆ ಕಲ್ಲು, ಹಳೇ ಓಣಿಗಳ ಗೋಡೆ ಕಲ್ಲು, ಕಾಲಡಿಗೆ ಶಹಾಬಾದ್ ಫರಸಿ. ಬೇಸಿಗೆಯ ಮಧ್ಯಾಹ್ನ ಆ ಫರಸಿಯ ಮೇಲೆ ಬರಿಮೈಯಲ್ಲಿ ಉರುಳಿಕೊಳ್ಳುವ ಸುಖವೇ ಸುಖ. ಅದೇ ಕೋಣೆಯಲ್ಲಿ ಮೈಕಿನ ಮುಂದೆ ಕೂತು ಹಾಡಿದರೆ ಮಾತ್ರ ಪಾಡು ಬೇರೆ. ಕಲ್ಲು ಸ್ವರವನ್ನು ತನ್ನಲ್ಲಿ ಇಟ್ಟುಕೊಳ್ಳುವುದಿಲ್ಲ, ಬಂದದ್ದನ್ನು ಬಂದ ಹಾಗೇ ವಾಪಸು ಕಳಿಸುತ್ತದೆ. ವಿಜಯಪುರದ ಗೋಳಗುಮ್ಮಟದಲ್ಲಿ ಈ ಗುಣವನ್ನು ಕೇಳಲು ಜನ ಟಿಕೆಟ್ ತೆಗೆಸಿ ಒಳಗೆ ಹೋಗುತ್ತಾರೆ. ಮನೆಯಲ್ಲಿ ಪುಕ್ಕಟೆ ಸಿಕ್ಕರೆ ಯಾರಿಗೂ ಬೇಡ.

ನಗರದ ನಿವೃತ್ತ ಮಾಸ್ತರರೊಬ್ಬರಿಗೆ ದಾಸರ ಪದಗಳ ಹುಚ್ಚು. ಈ ಸೀಮೆಯಲ್ಲಿ ಅದನ್ನು ಹುಚ್ಚು ಅನ್ನುವವರಿಲ್ಲ. ವಿಜಯದಾಸರ ಚೀಕಲಪರ್ವಿ, ಜಗನ್ನಾಥದಾಸರ ಬ್ಯಾಗವಾಟ ಎರಡೂ ಮಾನ್ವಿ ಕಡೆಯವು; ಗೋಪಾಲದಾಸರ ಮೊಸರಕಲ್ಲು ದೇವದುರ್ಗದ್ದು. ಮಾಸ್ತರರು ಮಹಡಿಯ ಹತ್ತಡಿ ಕೋಣೆಯಲ್ಲಿ ಮೈಕು ಹೂಡಿ, ಶ್ರುತಿಪೆಟ್ಟಿಗೆ ಹಚ್ಚಿ, ಕಣ್ಣು ಮುಚ್ಚಿ ಹಾಡಿ, ಅದನ್ನು ದೇವದುರ್ಗದಲ್ಲಿರುವ ಅಕ್ಕನ ಮಗನಿಗೆ ಮೊಬೈಲಿನಲ್ಲಿ ಕಳಿಸಿದರು. ಅವನು ಕೇಳಿದ್ದು ಒಂದೇ ಪ್ರಶ್ನೆ: “ಮಾಮಾ, ಬಾವ್ಯಾಗ ಕುಂತು ಹಾಡೀರೇನು?”

ಸಲಹೆಗಳಿಗೆ ಕೊರತೆಯಿರಲಿಲ್ಲ. ಪಕ್ಕದ ಮನೆಯ ಹುಡುಗ ಮೊಟ್ಟೆಯ ಟ್ರೇ ಗೋಡೆಗೆ ಅಂಟಿಸಿ ಅಂದ. ಮೊಟ್ಟೆ ಮುಟ್ಟದ ಮನೆಯಲ್ಲಿ ಈ ಮಾತು ಎಬ್ಬಿಸಿದ ಗದ್ದಲಕ್ಕೆ ಧಾರ್ಮಿಕ ಕಾರಣಗಳಿದ್ದವು. ವೈಜ್ಞಾನಿಕ ಕಾರಣ ಇನ್ನೂ ಗಟ್ಟಿ. ಟ್ರೇ ಎಂದರೆ ತೆಳ್ಳನೆಯ ರಟ್ಟು. ಅದು ತಾರಕದ ಸದ್ದನ್ನು ಅಷ್ಟಿಷ್ಟು ಚದುರಿಸೀತು, ಮಂದ್ರದ ಗೊಡವೆಗೆ ಹೋಗುವುದಿಲ್ಲ. ಸಾವಿರ ಹರ್ಟ್ಜ್‌ನ ಸ್ವರಕ್ಕೆ ಒಂದಡಿ ಚಿಲ್ಲರೆ ಉದ್ದದ ಅಲೆ, ನೂರು ಹರ್ಟ್ಜ್‌ಗೆ ಹತ್ತಡಿಗೂ ಮಿಕ್ಕಿದ ಅಲೆ. ಅಷ್ಟುದ್ದದ ಅಲೆಯನ್ನು ಒಂದಿಂಚಿನ ಫೋಮು ತಡೆಯುತ್ತದೆ ಎಂದು ನಂಬಿಸಿ ಮಾರುವವರ ಧೈರ್ಯ ದೊಡ್ಡದು.

ಈ ಕಷ್ಟ ಮೊದಲು ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೂ ಬಂದಿತ್ತು. 1895ರಲ್ಲಿ ಅಲ್ಲಿನ ಫಾಗ್ ಮ್ಯೂಸಿಯಮ್ಮಿನ ಹೊಸ ಉಪನ್ಯಾಸ ಸಭಾಂಗಣದಲ್ಲಿ ಪ್ರೊಫೆಸರರು ಏನು ಹೇಳಿದರೂ ಹುಡುಗರಿಗೆ ತಿಳಿಯುತ್ತಿರಲಿಲ್ಲ. ಆಡಿದ ಮಾತು 5 ಸೆಕೆಂಡಿಗೂ ಮೇಲ್ಪಟ್ಟು ಅಲ್ಲೇ ಸುಳಿದಾಡುತ್ತಿತ್ತು. ಸರಿಪಡಿಸುವ ಕೆಲಸ ವಾಲೇಸ್ ಸ್ಯಾಬೀನ್ ಎಂಬ ತರುಣ ಅಧ್ಯಾಪಕನ ಹೆಗಲಿಗೆ ಬಿತ್ತು. ಆತ ರಾತ್ರಿ ಊರು ಮಲಗಿದ ಮೇಲೆ ಪಕ್ಕದ ಸ್ಯಾಂಡರ್ಸ್ ಥಿಯೇಟರಿನ ಕುರ್ಚಿಗಳ ಮೆತ್ತೆ ಹೊತ್ತು ತಂದು ಹಾಸುವುದು, ಆರ್ಗನ್ ಕೊಳವೆ ಊದಿಸುವುದು, ಸದ್ದು ಅಡಗಲು ಎಷ್ಟು ಹೊತ್ತು ಹಿಡಿಯಿತೆಂದು ಗುರುತು ಹಾಕಿಕೊಳ್ಳುವುದು, ಬೆಳಗಾಗುವಷ್ಟರಲ್ಲಿ ಮೆತ್ತೆಗಳನ್ನು ಇದ್ದಲ್ಲಿಗೇ ಮುಟ್ಟಿಸುವುದು. ತಾನು ತೊಟ್ಟ ಬಟ್ಟೆಯೂ ಸದ್ದು ಹೀರುತ್ತದೆಂದು ಗೊತ್ತಾದ ಮೇಲೆ ಹಳೇ ಲೆಕ್ಕವನ್ನೆಲ್ಲ ಕೈಬಿಟ್ಟು, ದಿನಾ ಒಂದೇ ಜೊತೆ ಬಟ್ಟೆಯಲ್ಲಿ ಪ್ರಯೋಗ ಮುಂದುವರಿಸಿದನಂತೆ. ಈ ಗಾದಿ ಹೊರುವ ಕೆಲಸದಿಂದಲೇ ಶಬ್ದಶಾಸ್ತ್ರದ ಮುಖ್ಯ ಸೂತ್ರ ಹುಟ್ಟಿತು. 1900ರಲ್ಲಿ ತೆರೆದ ಬಾಸ್ಟನ್ ಸಿಂಫನಿ ಹಾಲ್ ಅದರ ಮೇಲೇ ನಿಂತಿದೆ.

ಸೂತ್ರ ಸರಳ. ಕೋಣೆಯ ಘನ ಅಡಿಯನ್ನು 0.049ರಿಂದ ಗುಣಿಸಿ, ಒಟ್ಟು ಹೀರಿಕೆಯಿಂದ ಭಾಗಿಸಿದರೆ ಸದ್ದು ಅಡಗಲು ಬೇಕಾದ ಸೆಕೆಂಡು ಸಿಗುತ್ತದೆ. ಮಾಸ್ತರರು ಗಣಿತದವರು, ಹಾಲಿನ ಲೆಕ್ಕದ ಚೀಟಿಯ ಹಿಂದೆಯೇ ಬರೆದರು. ಹತ್ತಡಿ ಉದ್ದ, ಅಗಲ, ಎತ್ತರ: ಸಾವಿರ ಘನ ಅಡಿ. ಆರುನೂರು ಚದರಡಿ ಬರೀ ಕಲ್ಲು ಗಾರೆ, ಅದು ಹೀರುವುದು ನೂರಕ್ಕೆ ಮೂರು ಪಾಲು. ಉತ್ತರ 2.7 ಸೆಕೆಂಡು. ಇನ್ನೂರು ಚದರಡಿಗೆ ದಪ್ಪನೆಯ ಅರಳೆ ಹೊದಿಸಿ, ಅದು ನೂರಕ್ಕೆ ಅರವತ್ತು ಪಾಲು ಹೀರುತ್ತದೆಂದು ಹಿಡಿದರೆ 0.37 ಸೆಕೆಂಡು. ಚಿಕ್ಕ ಕೋಣೆಯಲ್ಲಿ ಈ ಸೂತ್ರ ಚೂರು ಆಚೀಚೆ ಆಗುತ್ತದೆ, ಆದರೂ ದಾರಿ ತಪ್ಪಿಸುವುದಿಲ್ಲ.

ಹತ್ತಿ ಮಾರುಕಟ್ಟೆಗೆ ಹೆಸರಾದ ಊರಲ್ಲಿ ಅರಳೆಗೆ ಪರದಾಡಬೇಕೆ? ಅಟ್ಟದ ಮೇಲೆ ಹಳೇ ಗಾದಿಗಳಿದ್ದವು. ಟ್ರಂಕಿನಲ್ಲಿ ಮಾನ್ವಿಯ ಅತ್ತೆಯವರು ಹೊಲಿದ ಕೌದಿಗಳಿದ್ದವು: ಹಳೇ ಸೀರೆ, ಧೋತರ ಪದರ ಪದರವಾಗಿ ಕೂಡಿಸಿ, ಅಂಗುಲ ಬಿಡದೆ ದಾರ ಓಡಿಸಿ, ಕೈಯಲ್ಲಿ ಹಿಡಿದರೆ ತೂಕ ತಿಳಿಯುವಂಥವು. ಮಾಸ್ತರರು ಟ್ರಂಕಿಗೆ ಕೈ ಹಾಕಿದ್ದೇ ತಡ, ಅಡಿಗೆಮನೆಯಿಂದ ದನಿ ಬಂತು: “ಅಲ್ರೀ, ನಾಳೆ ಬೀಗರು ಬಂದ್ರ ಏನ್ ಹೊಚ್ಚಲಿ? ನಿಮ್ಮ ರೆಕಾರ್ಡಿಂಗ್ ಹೊಚ್ಚಲೇನು?” ಕೊನೆಗೆ ಒಪ್ಪಂದವಾಯಿತು. ಬೀಗರು ಬಂದ ದಿನ ಸ್ಟುಡಿಯೊಗೆ ರಜೆ.

ಕೌದಿಯನ್ನು ಗೋಡೆಗೆ ಮೊಳೆ ಹೊಡೆದು ಬಿಗಿಯಬಾರದು. ಗೋಡೆಗೆ ತಾಗಿದಲ್ಲಿ ಗಾಳಿ ಅಲುಗುವುದಿಲ್ಲ. ಗಾಳಿ ಅಲುಗದಿದ್ದರೆ ಬಟ್ಟೆಗೆ ಹೀರಲು ಏನೂ ಇರುವುದಿಲ್ಲ. ನಾಲ್ಕಾರು ಇಂಚು ಬಿಟ್ಟು, ಹಗ್ಗಕ್ಕೆ ನೆರಿಗೆ ನೆರಿಗೆಯಾಗಿ ಇಳಿಬಿಟ್ಟರೆ ಅದೇ ಕೌದಿ ಇನ್ನಷ್ಟು ಕೆಳಗಿನ ಸ್ವರಕ್ಕೂ ಬಾಯಿ ಹಾಕುತ್ತದೆ. ಗಾದಿಗಳನ್ನು ಮೂಲೆಗಳಲ್ಲಿ ನಿಲ್ಲಿಸಬೇಕು, ಗುಂಯ್ಯೆನ್ನುವ ಮಂದ್ರ ಗುಡ್ಡೆ ಬೀಳುವುದು ಅಲ್ಲೇ. ಹತ್ತಡಿಯ ಚೌಕ ಕೋಣೆಯದು ಇನ್ನೊಂದು ತಕರಾರು: ಉದ್ದ, ಅಗಲ, ಎತ್ತರ ಮೂರೂ ಒಂದೇ ಆದ್ದರಿಂದ 57 ಹರ್ಟ್ಜ್ ಆಸುಪಾಸಿನ ಸ್ವರವನ್ನೂ ಅದರ ದುಪ್ಪಟ್ಟನ್ನೂ ಮೂರು ಕಡೆಯಿಂದಲೂ ಎತ್ತಿ ಕೊಡುತ್ತದೆ. ಡಗ್ಗಾದ ಒಂದು ಪೆಟ್ಟು ಮೆರೆದು ಇನ್ನೊಂದು ಮಾಯವಾಗುವುದು ಇದರಿಂದ. ಇದ್ದುದರಲ್ಲಿ ಉದ್ದಗಲ ಬೇರೆ ಬೇರೆಯಿರುವ ಕೋಣೆ ಆರಿಸುವುದು ಜಾಣತನ. ಗೋಡೆ ಒಡೆಯುವುದಕ್ಕಿಂತ ಅಗ್ಗ ಕೂಡ.

ಇಷ್ಟೆಲ್ಲ ಆದ ಮೇಲೂ ಮಾಸ್ತರರ ಪದದ ನಡುವೆ ಒಂದು ಟ್ರ್ಯಾಕ್ಟರು ಹಾದುಹೋಯಿತು, ಅದರದೇ ಡಿಜೆ ಸಮೇತ. ಕೌದಿ ಒಳಗಿನ ಗುಂಗನ್ನು ಹೀರುತ್ತದೆಯೇ ಹೊರತು ಹೊರಗಿನ ಗದ್ದಲವನ್ನು ತಡೆಯುವುದಿಲ್ಲ. ತಡೆಯಲು ತೂಕ ಬೇಕು, ಸಂದುಗಳು ಮುಚ್ಚಬೇಕು. ಆ ಕೆಲಸಕ್ಕೆ ಕಲ್ಲಿನ ಗೋಡೆಯೇ ಲೇಸು. ಆದರೆ ಬಾಗಿಲ ಕೆಳಗಿನ ಬೆರಳಗಲದ ಸಂದು ಅದರ ಸೇವೆಯನ್ನೆಲ್ಲ ನೀರುಪಾಲು ಮಾಡುತ್ತದೆ. ಅಲ್ಲಿ ರಬ್ಬರ್ ಪಟ್ಟಿ ಹಚ್ಚುವುದು ಮೊದಲ ಖರ್ಚಾಗಬೇಕು. ಪುಕ್ಕಟೆ ಉಪಾಯವೂ ಒಂದಿದೆ: ಬಾಯಿ ಮೈಕಿಗೆ ಒಂದಡಿ ದೂರವಿದ್ದದ್ದನ್ನು ಅರ್ಧ ಅಡಿಗೆ ತಂದರೆ ದನಿ 6 ಡೆಸಿಬೆಲ್ ಏರುತ್ತದೆ, ಕೋಣೆಯ ಗುಂಗು ಇದ್ದಲ್ಲೇ ಇರುತ್ತದೆ.

ಉಳಿದದ್ದು ಸೆಕೆ. ನಲವತ್ತು ಡಿಗ್ರಿ ದಾಟಿದ ಏಪ್ರಿಲ್‌ನಲ್ಲಿ ಕಿಟಕಿ ಮುಚ್ಚಿ, ಫ್ಯಾನು ಆರಿಸಿ, ಸುತ್ತ ಅರಳೆ ನಿಲ್ಲಿಸಿಕೊಂಡು ವೈರಾಗ್ಯದ ಪದ ಹಾಡಿದರೆ ಭಾವ ತಾನಾಗಿಯೇ ಬರುತ್ತದೆ. ಅದಕ್ಕೇ ಮಾಸ್ತರರು ಬೆಳಗಿನ ಜಾವ ನಾಲ್ಕಕ್ಕೆ ಏಳುತ್ತಾರೆ. ಆಗ ಟ್ರ್ಯಾಕ್ಟರೂ ಇಲ್ಲ, ನೀರಿನ ಮೋಟರೂ ಇಲ್ಲ. ಹೀಗೆ ಮಾಡಹೊರಟವರು ಒಂದು ಎಚ್ಚರ ಮರೆಯದಿರಲಿ. ಅರಳೆಗೆ ಕಿಡಿ ಸಾಕು. ಊದಿನಕಡ್ಡಿ, ದೀಪ ದೇವರಮನೆಯಲ್ಲೇ ಇರಲಿ, ಸ್ವಿಚ್‌ಬೋರ್ಡಿನ ಹತ್ತಿರ ಕೌದಿ ತೂಗಹಾಕಬೇಡಿ.