ಸೈತಾನನ ಸೇತುವೆ ಪಕ್ಕದ ಟೀ

ಮೂರು ದಿನದಿಂದ ನೋಡುತ್ತಿದ್ದೇನೆ ಕಣಪ್ಪ. ಕೆಲಸ ಮುಗಿಸಿ ಬಂದವನೇ ಷೆಡ್ಡಿನ ಬಾಗಿಲು ತೆಗೆದು ಗಾಡಿ ಒರೆಸುತ್ತೀಯ, ಒರೆಸಿ ಮತ್ತೆ ಒಳಗಿಡುತ್ತೀಯ. ಹೊರಗೆ ತೆಗೆಯುವುದು ಯಾವಾಗ? ಬಾ, ಬೇಲಿ ಹತ್ತಿರ ಬಾ, ಗುಲಾಬಿ ಮುಳ್ಳಿದೆ ನೋಡಿಕೊಂಡು. ನಾಳೆ ಭಾನುವಾರ. ಮಧ್ಯಾಹ್ನದವರೆಗೂ ಬಿಸಿಲು ಅಂದಿದ್ದಾರೆ ಹವಾಮಾನದವರು. ಉತ್ತರ ಇಂಗ್ಲೆಂಡಿನಲ್ಲಿ ಅರ್ಧ ದಿನ ಬಿಸಿಲು ಸಿಕ್ಕರೆ ಅದನ್ನು ಷೆಡ್ಡಿನೊಳಗೆ ಕಳೆಯಬಾರದು.

ಎಲ್ಲಿಗೆ ಹೋಗುವುದು ಅಂತಲೇ ಗೊತ್ತಿಲ್ಲ ಅಂದೆಯಲ್ಲ, ಹೇಳುತ್ತೇನೆ ಕೇಳು. ಲ್ಯಾಂಕಸ್ಟರಿನಲ್ಲಿ ಮನೆ ಸಿಕ್ಕಿದ್ದು ನಿನ್ನ ಪುಣ್ಯ. ಲೂನ್ ನದಿಯ ಕಣಿವೆ ಹಿಡಿದು ಎ683 ರಸ್ತೆಯಲ್ಲಿ ಮೇಲಕ್ಕೆ ಹೋದರೆ ಅರ್ಧ ಗಂಟೆಗೆಲ್ಲ ಕರ್ಬಿ ಲಾನ್ಸ್‌ಡೇಲ್. ಅಲ್ಲಿ ಊರಾಚೆ ನದಿಗೆ ಅಡ್ಡಲಾಗಿ ಮೂರು ಕಮಾನಿನ ಹಳೇ ಕಲ್ಲುಸೇತುವೆ ಇದೆ. ಡೆವಿಲ್ಸ್ ಬ್ರಿಜ್ ಅನ್ನುತ್ತಾರೆ, ಸೈತಾನನ ಸೇತುವೆ. ಹದಿನಾಲ್ಕನೇ ಶತಮಾನದ್ದು, ನಮ್ಮ ಕಡೆ ವಿಜಯನಗರ ಕಟ್ಟುತ್ತಿದ್ದ ಕಾಲ ಅಂತ ಇಟ್ಟುಕೋ. ವಾಹನಗಳಿಗಾಗಿ 1932ರಲ್ಲಿ ಸ್ವಲ್ಪ ಕೆಳಗೆ ಬೇರೆ ಸೇತುವೆ ಕಟ್ಟಿದರು. ಅಂದಿನಿಂದ ಹಳೆಯದು ಕಾಲುನಡಿಗೆಯವರದ್ದು. ಅದರ ಪಕ್ಕದ ರಸ್ತೆಯಂಚಿನಲ್ಲಿ ಭಾನುವಾರ ಬೆಳಗಾದರೆ ಗಾಡಿಗಳ ಸಾಲು. ಒಂದೊಂದು ಭಾನುವಾರ ಎಣಿಸಿದರೆ ಮುಗಿಯುವುದಿಲ್ಲ. ಅಲ್ಲೊಂದು ತಿಂಡಿ ವ್ಯಾನು, ಅದರ ಮುಂದೆ ಕೈಯಲ್ಲಿ ಹೆಲ್ಮೆಟ್ ಹಿಡಿದವರ ಸರದಿ. ಬೇಕನ್ ಹಾಕಿದ ಬನ್ನೇ ಅಲ್ಲಿನ ಪ್ರಸಾದ. ನಾನು ಮೊಟ್ಟೆಯದ್ದು ಕೇಳುತ್ತೇನೆ, ಟೀ ಹಿಡಿದುಕೊಂಡು ಸೇತುವೆ ಮೇಲೆ ಹೋಗಿ ಕಲ್ಲಿಗೆ ಒರಗಿ ನಿಲ್ಲುತ್ತೇನೆ. ಕೆಳಗೆ ಬಂಡೆಗಳ ನಡುವೆ ನೀರು ಕಪ್ಪಗೆ, ಆಳವಾಗಿ ಸುತ್ತುತ್ತಿರುತ್ತದೆ. ಮೇಲಿನಿಂದ ಹಾರುವುದಕ್ಕೆ ನಿಷೇಧವಿದೆ, ಬೋರ್ಡು ಹಾಕಿದ್ದಾರೆ. ಜೀವ ಹೋಗಿದೆ ಅಲ್ಲಿ.

ಹೆಸರು ಯಾಕೆ ಹಾಗೆ ಅಂತ ಕೇಳುತ್ತೀಯಲ್ಲವೇ? ಒಬ್ಬಳು ಅಜ್ಜಿಯ ಹಸು ನದಿಯ ಆಚೆ ಹೋಗಿ ಸಿಕ್ಕಿಕೊಂಡಿತಂತೆ. ನೀರು ಏರಿತ್ತು. ಸೈತಾನ ಬಂದು, ರಾತ್ರಿಯೊಳಗೆ ಸೇತುವೆ ಕಟ್ಟಿಕೊಡುತ್ತೇನೆ, ಮೊದಲು ದಾಟುವ ಜೀವ ನನ್ನದು ಅಂದನಂತೆ. ಬೆಳಗಾಯಿತು, ಸೇತುವೆ ಸಿದ್ಧ. ಅಜ್ಜಿ ಸೆರಗಿನಿಂದ ಒಂದು ಬನ್ನು ತೆಗೆದು ಆಚೆ ದಡಕ್ಕೆ ಎಸೆದಳು. ಅವಳ ಪುಟ್ಟ ನಾಯಿ ಅದರ ಹಿಂದೆ ಓಡಿತು. ಅಷ್ಟೇ, ಸೈತಾನನ ಪಾಲಿಗೆ ನಾಯಿ. ಸೆರಗು ನಾನು ಸೇರಿಸಿದ್ದು, ನಮ್ಮಜ್ಜಿ ಇದ್ದಿದ್ದರೆ ಅಲ್ಲೇ ಬನ್ನು ಇಟ್ಟುಕೊಂಡಿರುತ್ತಿದ್ದಳು. ನನಗೆ ಮಾತ್ರ ಆ ನಾಯಿಯ ಗತಿ ಏನಾಯಿತು ಅಂತ ಇಷ್ಟು ವರ್ಷವಾದರೂ ಮನಸ್ಸಿನಲ್ಲಿ ಕೊರೆಯುತ್ತದೆ. ಈ ದಾರಿಯಲ್ಲಿ ಇನ್ನೊಂದು ನಾಯಿಯ ವಿಷಯವೂ ಇದೆ, ಆಮೇಲೆ ಬರುತ್ತೇನೆ.

ಏನಂದೆ? ದೊಡ್ಡ ದೊಡ್ಡ ಗಾಡಿಗಳ ಮಧ್ಯೆ ನಿನ್ನ ಎನ್‌ಫೀಲ್ಡ್ ನಿಲ್ಲಿಸುವುದಕ್ಕೆ ಸಂಕೋಚವೇ? ಆ ಮಾತು ಬಿಡು. ಅಲ್ಲಿ ಡುಕಾಟಿ, ಬಿಎಂಡಬ್ಲ್ಯೂ ಬರುತ್ತವೆ. ಸೋಫಾದಂಥ ಸೀಟಿನ ಗೋಲ್ಡ್‌ವಿಂಗ್ ಬರುತ್ತದೆ. ಎಣ್ಣೆ ತೊಟ್ಟಿಕ್ಕುವ ಹಳೇ ಬಿಎಸ್‌ಎ ಕೂಡ ಬರುತ್ತದೆ. ಹೆಚ್ಚು ಜನ ಸುತ್ತುವರಿಯುವುದು ಆ ಎಣ್ಣೆ ತೊಟ್ಟಿಕ್ಕುವುದನ್ನೇ. ನಿನ್ನದು ಇಂಟರ್‌ಸೆಪ್ಟರ್ ಅಲ್ಲವೇ? ಅದೇ ಹೆಸರಿನ ಗಾಡಿ 1960ರ ದಶಕದಲ್ಲಿ ಇದೇ ದೇಶದ ರೆಡಿಚ್‌ನಲ್ಲಿ ಆಗುತ್ತಿತ್ತು. ಎಪ್ಪತ್ತು ದಾಟಿದವರು ಯಾರಾದರೂ ಹತ್ತಿರ ಬಂದು ಟ್ಯಾಂಕಿನ ಮೇಲೆ ಕೈಯಾಡಿಸುತ್ತಾರೆ ನೋಡು. ಚೆನ್ನೈಯಲ್ಲಿ ಆದದ್ದು ಅಂದರೆ ತಲೆಯಾಡಿಸಿ, ತಮ್ಮ ಕಾಲದ್ದು ಹೇಗೆ ಸ್ಟಾರ್ಟ್ ಆಗುತ್ತಿತ್ತು ಅಂತ ಶುರುಮಾಡುತ್ತಾರೆ. ಒಮ್ಮೆ ಅಲ್ಲೇ ಒಬ್ಬರು ಹಿರಿಯರಿಗೆ ನಮ್ಮಪ್ಪನ ಜಾವಾ ಬಗ್ಗೆ ಹೇಳಿದೆ. ಮೈಸೂರಿನ ಯಾದವಗಿರಿ ಫ್ಯಾಕ್ಟರಿಯಲ್ಲಿ ಆದದ್ದು, ಕಿಕ್ಕರೂ ಗೇರೂ ಒಂದೇ ಲಿವರು ಅಂದೆ. ಆತನ ಕಣ್ಣು ಅರಳಿತು. ಇಲ್ಲಿನ ಸ್ಪೀಡ್‌ವೇ ಪಂದ್ಯಗಳಲ್ಲಿ ಜೆಕೊಸ್ಲೊವಾಕಿಯಾದ ಜಾವಾಗಳ ಓಟ ನೋಡಿ ಬೆಳೆದವರಂತೆ ಅವರು. ಬಲಗಾಲನ್ನೋ ಎಡಗಾಲನ್ನೋ ಎತ್ತಿ, ಗಾಳಿಯಲ್ಲೇ ಲಿವರು ಒದ್ದು ತೋರಿಸಿದೆ. ಅವರೂ ಒದ್ದರು. ಊರು ಬಿಟ್ಟು ಇಷ್ಟು ದೂರ ಬಂದ ಮೇಲೆ ಅಪ್ಪನ ಗಾಡಿಯ ಸದ್ದನ್ನು ನನ್ನಷ್ಟೇ ಪ್ರೀತಿಯಿಂದ ಕೇಳಿಸಿಕೊಂಡವರು ಅವರೊಬ್ಬರೇ.

ಸರಿ, ಟೀ ಮುಗಿಯಿತು ಅಂತ ತಿಳಿ. ಅಲ್ಲಿಂದ ಇಂಗಲ್ಟನ್ ದಾಟಿ ಬಿ6255 ಹಿಡಿದರೆ ರಿಬಲ್‌ಹೆಡ್. ಎರಡೂ ಕಡೆ ಗಾರೆಯಿಲ್ಲದೆ ಪೇರಿಸಿದ ಕಲ್ಲುಗೋಡೆ, ಆಚೆ ಕುರಿ, ಬಲಕ್ಕೆ ತಲೆ ಚಪ್ಪಟೆಯಾದ ಇಂಗಲ್‌ಬರೋ ಬೆಟ್ಟ. ತಿರುವು ಮುಗಿದು ಬಯಲು ತೆರೆಯುತ್ತಿದ್ದಂತೆ ಎದುರಿಗೆ 24 ಕಮಾನಿನ ರೈಲುಸೇತುವೆ, ನಾನೂರು ಮೀಟರ್ ಉದ್ದ. 1870ರಲ್ಲಿ ಶುರುಮಾಡಿ 1874ರಲ್ಲಿ ಮುಗಿಸಿದರು. ಕೆಲಸದವರು ಆ ಜೌಗುನೆಲದಲ್ಲೇ ಗುಡಿಸಲು ಹಾಕಿಕೊಂಡು, ಹೆಂಡತಿ ಮಕ್ಕಳ ಸಮೇತ ಬದುಕಿದರು. ಅಪಘಾತಕ್ಕೆ ಸಿಕ್ಕವರು, ಸಿಡುಬಿಗೆ ಬಲಿಯಾದವರು ಅನೇಕರು. ದಾರಿಯಲ್ಲಿ ಚಾಪೆಲ್-ಲ-ಡೇಲ್ ಅಂತ ಒಂದು ಸಣ್ಣ ಚರ್ಚು ಸಿಗುತ್ತದೆ, ಅವರನ್ನು ಹೂತದ್ದು ಅಲ್ಲಿ. ಎಲ್ಲರೂ ಸೇತುವೆಯ ಫೋಟೋ ಹಿಡಿಯಲು ಓಡುತ್ತಾರೆ. ನೀನು ಹೋಗುವಾಗ ಎರಡು ನಿಮಿಷ ಅಲ್ಲಿ ಇಂಜಿನ್ ಆರಿಸು.

ನಾಯಿ ವಿಷಯ ಅಂದೆನಲ್ಲ. 1980ರ ದಶಕದಲ್ಲಿ, ಈ ಸೇತುವೆ ರಿಪೇರಿಗೆ ದುಡ್ಡು ಬಹಳವಾಗುತ್ತದೆಂದು ಇಡೀ ಸೆಟಲ್-ಕಾರ್ಲೈಲ್ ರೈಲುದಾರಿಯನ್ನೇ ಮುಚ್ಚಲು ಹೊರಟರು. ಜನ ತಿರುಗಿಬಿದ್ದರು. ಸಾವಿರಾರು ಆಕ್ಷೇಪಣೆ ಪತ್ರಗಳಲ್ಲಿ ಒಂದರ ಮೇಲೆ ಇದ್ದದ್ದು ನಾಯಿಯ ಪಂಜದ ಗುರುತು. ರಸ್ವಾರ್ಪ್ ಅಂತ, ಕಾಲಿ ಜಾತಿಯ ನಾಯಿ. ಅದಕ್ಕೂ ಟಿಕೆಟ್ ತೆಗೆಯುತ್ತಿದ್ದರಾದ್ದರಿಂದ ಅದೂ ಪ್ರಯಾಣಿಕ ಅಂತ ಲೆಕ್ಕ. 1989ರಲ್ಲಿ ದಾರಿ ಉಳಿಯಿತು. ಮರುವರ್ಷದ ಜನವರಿಯಲ್ಲಿ ಅದರ ಯಜಮಾನ, ಆ ಹೋರಾಟ ಕಟ್ಟಿದವರಲ್ಲಿ ಒಬ್ಬರು, ನಾಯಿಯನ್ನು ಕರೆದುಕೊಂಡು ವೇಲ್ಸಿನ ಬೆಟ್ಟಕ್ಕೆ ನಡೆಯಲು ಹೋದವರು ಹಿಂತಿರುಗಲಿಲ್ಲ. ದೇಹ ಸಿಕ್ಕಿದ್ದು ಏಪ್ರಿಲ್‌ನಲ್ಲಿ, ಒಂದು ತೊರೆಯ ಪಕ್ಕ. ಹನ್ನೊಂದು ವಾರದ ಚಳಿಗಾಲವನ್ನು ರಸ್ವಾರ್ಪ್ ಅಲ್ಲೇ ಕಾವಲು ಕೂತು ಕಳೆದಿತ್ತು. ನಡೆಯಲೂ ತ್ರಾಣವಿರಲಿಲ್ಲ, ಹೊತ್ತುಕೊಂಡು ಬಂದರು. ಅಂತ್ಯಕ್ರಿಯೆಯವರೆಗೆ ಬದುಕಿತ್ತು. ಇದೇ ರೈಲುದಾರಿಯ ಗಾರ್ಸ್‌ಡೇಲ್ ಸ್ಟೇಷನ್ನಿನಲ್ಲಿ ಅದರ ಕಂಚಿನ ಪ್ರತಿಮೆ ಇದೆ. ತಲೆ ಮುಟ್ಟದೆ ನಾನು ಆ ಸ್ಟೇಷನ್ನಿನಿಂದ ಬಂದಿಲ್ಲ.

ರಿಬಲ್‌ಹೆಡ್‌ನಲ್ಲಿ ಗಾಡಿ ನಿಲ್ಲಿಸುವಾಗ ನೆಲ ನೋಡು. ಮೊದಲ ವರ್ಷ ನಾನು ನೋಡಲಿಲ್ಲ. ಅಂಚಿನ ಹುಲ್ಲಿನ ಮೇಲೆ ಸೈಡ್ ಸ್ಟ್ಯಾಂಡ್ ಹಾಕಿ ನಾಲ್ಕು ಹೆಜ್ಜೆ ಹೋಗಿರಬೇಕು, ಹಿಂದೆ ಧಡ್ ಅಂತ ಸದ್ದು. ಮಳೆ ನೆನೆದ ಮಣ್ಣು, ಸ್ಟ್ಯಾಂಡು ಇಳಿದುಹೋಗಿತ್ತು. ಕ್ಲಚ್ ಲಿವರು ಬಾಗಿ, ಕನ್ನಡಿ ಒಡೆದು, ಹೊಸ ಗಾಡಿ ಮಲಗಿತ್ತು. ನಾನು ಬಗ್ಗುವಷ್ಟರಲ್ಲಿ ಗುರುತು ಪರಿಚಯವಿಲ್ಲದ ಮೂವರು ಓಡಿಬಂದರು. ಎತ್ತಿ ನಿಲ್ಲಿಸಿದರು, ಒಬ್ಬಾಕೆ ಬಾಗಿದ ಲಿವರನ್ನು ಮುರಿಯದ ಹಾಗೆ ನಿಧಾನವಾಗಿ ತಿದ್ದಿದಳು, ಒಬ್ಬರು ತಮ್ಮ ಜೇಬಿನಿಂದ ಅಂಗೈಯಗಲದ ಮರದ ಬಿಲ್ಲೆ ತೆಗೆದು ಸ್ಟ್ಯಾಂಡಿನ ಕೆಳಗಿಟ್ಟರು. ವಾಪಸು ಕೊಡಹೋದರೆ ತೆಗೆದುಕೊಳ್ಳಲಿಲ್ಲ.

ಮುಂದೆ ಹಾಸ್ ಊರು. ಚೀಸಿಗೆ ಹೆಸರಾದದ್ದು, ಬೈಕಿನವರ ಕೆಫೆಗಳೂ ಇವೆ. ಅಲ್ಲಿಂದ ಬಟರ್‌ಟಬ್ಸ್ ಕಣಿವೆದಾರಿ ಹತ್ತಿ ಸ್ವೇಲ್‌ಡೇಲಿಗೆ ಇಳಿಯಬಹುದು. ಹಿಂದೆ ಬೆಣ್ಣೆ ಮಾರಲು ಸಂತೆಗೆ ಹೊರಟವರು ಬೇಸಿಗೆಯಲ್ಲಿ ಅಲ್ಲಿನ ಸುಣ್ಣಕಲ್ಲಿನ ತಣ್ಣನೆ ಗುಂಡಿಗಳಲ್ಲಿ ಬೆಣ್ಣೆ ಇಳಿಬಿಡುತ್ತಿದ್ದರಂತೆ. ಇನ್ನೂ ಉತ್ತರಕ್ಕೆ ಟ್ಯಾನ್ ಹಿಲ್, 528 ಮೀಟರ್ ಎತ್ತರದಲ್ಲಿ ಒಂಟಿ ಪಬ್ಬು, ಬ್ರಿಟನ್ನಿಗೇ ಎತ್ತರದ್ದು. 2021ರ ನವೆಂಬರಿನಲ್ಲಿ ಹಾಡು ಕೇಳಲು ಹೋದ ಅರವತ್ತು ಚಿಲ್ಲರೆ ಜನ ಹಿಮ ಬಿದ್ದು ಮೂರು ರಾತ್ರಿ ಅಲ್ಲೇ ಉಳಿದರು. ಆದರೆ ನಾಳೆ ಇದೆಲ್ಲ ಬೇಡ. ಹಾಸ್‌ನಿಂದ ವಾಪಸು ಬಾ. ಹೊಸದರಲ್ಲಿ ದಾರಿ ಕಡಿಮೆ, ನಿಲ್ದಾಣ ಹೆಚ್ಚು ಇರಬೇಕು.

ಕೈ ಹದವಾದ ಮೇಲೆ ಒಂದು ದಿನ ಹಾರ್ಟ್‌ಸೈಡಿಗೆ ಹೋಗೋಣ, ಇಬ್ಬರೂ. ಪೆನ್ರಿತ್‌ನಿಂದ ಆಲ್ಸ್ಟನ್‌ಗೆ ಹೋಗುವ ಎ686. ಮೆಲ್ಮರ್ಬಿ ಹಳ್ಳಿ ದಾಟಿದ ಮೇಲೆ ಸುತ್ತಿ ಸುತ್ತಿ ಹತ್ತುತ್ತದೆ, 1,904 ಅಡಿಗೆ. ಎತ್ತರ ಕೇಳಿ ನಗಬೇಡ. ನಮ್ಮ ಮುಳ್ಳಯ್ಯನಗಿರಿ ಇದರ ಮೂರು ಪಟ್ಟಿಗಿಂತ ಹೆಚ್ಚು, ನಿಜ. ಆದರೆ ಅಲ್ಲಿ ನಿಂತು ಪಶ್ಚಿಮಕ್ಕೆ ತಿರುಗಿದರೆ ಕಾಲ ಕೆಳಗೆ ಈಡನ್ ಕಣಿವೆ, ಅದರಾಚೆ ಲೇಕ್ ಡಿಸ್ಟ್ರಿಕ್ಟಿನ ಬೆಟ್ಟಗಳ ಸಾಲು, ಬಲಕ್ಕೆ ಸಮುದ್ರದ ಬೆಳ್ಳಿಗೆರೆ, ಅದರಾಚೆ ಸ್ಕಾಟ್ಲೆಂಡ್. ಪಕ್ಕದ ಕ್ರಾಸ್ ಫೆಲ್ ಬೆಟ್ಟದಿಂದ ಇಳಿದು ಬರುವ ಗಾಳಿಗೆ ಹೆಲ್ಮ್ ಅಂತ ಹೆಸರು. ಈ ದೇಶದಲ್ಲಿ ಸ್ವಂತ ಹೆಸರಿರುವ ಗಾಳಿ ಅದೊಂದೇ. ಅದು ಬೀಸುವ ದಿನ ನಿಂತ ಗಾಡಿಯ ಹ್ಯಾಂಡಲ್ಲಿಂದ ಕೈ ತೆಗೆಯಲು ಭಯವಾಗುತ್ತದೆ.

ಅಲ್ಲೊಂದು ಕೆಫೆ ಇತ್ತು. ವರ್ಷಗಟ್ಟಲೆ ಉತ್ತರದ ಬೈಕಿನವರೆಲ್ಲ ಹತ್ತಿ ಬರುತ್ತಿದ್ದದ್ದು ಅದಕ್ಕೇ. ಆವಿ ಕಟ್ಟಿದ ಕಿಟಕಿ, ಒದ್ದೆ ಜಾಕೆಟ್ಟಿನ ವಾಸನೆ, ಎರಡೂ ಕೈಯಲ್ಲಿ ಹಿಡಿದ ಮಗ್. 2018ರ ಮಾರ್ಚಿನಲ್ಲಿ ಬೆಂಕಿ ಬಿದ್ದು ಸುಟ್ಟುಹೋಯಿತು. ಸುದ್ದಿ ಕೇಳಿ ನಾನು ಹೋಗಿ ನೋಡಲೇ ಇಲ್ಲ, ಒಂದು ವರ್ಷ ಆ ಕಡೆಗೇ ಸುಳಿಯಲಿಲ್ಲ. ಆಮೇಲೊಂದು ಭಾನುವಾರ ಮನಸ್ಸು ಗಟ್ಟಿಮಾಡಿ ಹೋದೆ. ಖಾಲಿ ಜಾಗ ಇರುತ್ತದೆ, ತಿರುಗಿಸಿಕೊಂಡು ಬರೋಣ ಅಂದುಕೊಂಡಿದ್ದೆ. ಹೋಗಿ ನೋಡಿದರೆ ಗಾಡಿಗಳು ನಿಂತಿವೆ. ಜನ ಮನೆಯಿಂದ ಫ್ಲಾಸ್ಕು ತಂದಿದ್ದಾರೆ. ಮುಚ್ಚಳದಲ್ಲಿ ಟೀ ಹಂಚಿಕೊಂಡು, ಅದೇ ಅಂಚಿನಲ್ಲಿ, ಅದೇ ಕಣಿವೆ ನೋಡುತ್ತ ನಿಂತಿದ್ದಾರೆ. ನನ್ನ ಗಂಟಲು ಕಟ್ಟಿತು. ನಮ್ಮೂರಲ್ಲಿ ಅರಳಿಮರ ಬಿದ್ದ ಮೇಲೂ ಸಂಜೆಯಾದರೆ ಕಟ್ಟೆಗೆ ಬಂದು ಕೂರುತ್ತಿದ್ದರಲ್ಲ, ಹಾಗೆ.

ಅದಕ್ಕೇ ಹೇಳುವುದು, ಓಟಕ್ಕಾಗಿ ಹೋಗಬೇಡ, ನಿಲ್ಲುವುದಕ್ಕಾಗಿ ಹೋಗು. ಈ ರಸ್ತೆಗಳು ಮೋಸ ಮಾಡುತ್ತವೆ. ಬಿಳಿ ವೃತ್ತಕ್ಕೆ ಕಪ್ಪು ಗೆರೆ ಎಳೆದ ಫಲಕ ಕಂಡರೆ 60 ಮೈಲಿವರೆಗೆ ಹೋಗಬಹುದು ಅಂತ ಕಾನೂನು, ಹೋಗಲೇಬೇಕು ಅಂತಲ್ಲ. ತಿರುವಿನಾಚೆ ಕುರಿ ಮಲಗಿರುತ್ತದೆ, ಟ್ರ್ಯಾಕ್ಟರು ಚೆಲ್ಲಿದ ಸಗಣಿ ಇರುತ್ತದೆ, ದನ ದಾಟದಂತೆ ಹಾಕಿದ ಕಬ್ಬಿಣದ ಜಾಲರಿ ಮಳೆಯಲ್ಲಿ ಸೋಪಿನ ಹಾಗೆ ಜಾರುತ್ತದೆ. ದಕ್ಷಿಣಕ್ಕೆ ಮ್ಯಾಕಲ್ಸ್‌ಫೀಲ್ಡಿನಿಂದ ಬಕ್ಸ್‌ಟನ್‌ಗೆ ಕ್ಯಾಟ್ ಅಂಡ್ ಫಿಡಲ್ ಅಂತ ಒಂದು ರಸ್ತೆ ಇದೆ. ಸೊಗಸಾದ ರಸ್ತೆ. ಎಷ್ಟೋ ಹುಡುಗರು ಅಲ್ಲಿ ಪ್ರಾಣ ಕಳೆದುಕೊಂಡರು. ಈಗ 50ಕ್ಕೆ ಇಳಿಸಿ ಉದ್ದಕ್ಕೂ ಕ್ಯಾಮೆರಾ ಹಾಕಿದ್ದಾರೆ. ಹಾಕಿದ್ದು ಸರಿ ಅನ್ನುವವನು ನಾನು. ಹಳ್ಳಿಯೊಳಗೆ ಬಂದಾಗ ಥ್ರಾಟಲ್ ಇಳಿಸು; ಭಾನುವಾರ ಬೆಳಿಗ್ಗೆ ನಿದ್ದೆ ಮಾಡುವವರದ್ದೂ ಊರೇ ಅದು. ಕತ್ತಲಾದರೆ ರಸ್ತೆ ನಡುವೆ ಹೊಳೆಯುವ ಗಾಜಿನ ಗುಂಡುಗಳನ್ನು ಹಿಡಿದು ಬಾ. ಅದನ್ನು ಕಂಡುಹಿಡಿದದ್ದೂ ಇಲ್ಲಿನವರೇ, ಹ್ಯಾಲಿಫ್ಯಾಕ್ಸಿನ ಪರ್ಸಿ ಶಾ, 1934ರಲ್ಲಿ ಪೇಟೆಂಟ್ ಪಡೆದರು.

ನಿನ್ನ ಹೆಂಡತಿ ಭಯಪಡುತ್ತಾಳೆ, ಗೊತ್ತು. ವಾರ್ಡಿನಲ್ಲಿ ಕೈಕಾಲು ಮುರಿದವರನ್ನು ನೋಡುವವಳು, ಪಡದೆ ಇರುತ್ತಾಳೆಯೇ? ರಾತ್ರಿ ಪಾಳಿಯಲ್ಲಿ ಬ್ಲಡ್ ಬೈಕಿನವರು ಬರುತ್ತಾರಾ ಅಂತ ಕೇಳು ಅವಳನ್ನು. ಆಸ್ಪತ್ರೆಯಿಂದ ಆಸ್ಪತ್ರೆಗೆ ರಕ್ತ, ಸ್ಯಾಂಪಲ್ಲು, ತಾಯಂದಿರು ದಾನ ಕೊಟ್ಟ ಎದೆಹಾಲು ಸಾಗಿಸುತ್ತಾರೆ, ಒಂದು ಪೈಸೆ ತೆಗೆದುಕೊಳ್ಳದೆ. ಬೈಕಿನವರಲ್ಲಿ ಅಂಥವರೂ ಇದ್ದಾರೆ ಅಂತ ಅವಳಿಗೆ ಹೇಳು. ಹೋದ ಕೂಡಲೇ, ಹೊರಡುವ ಮುಂಚೆ, ಎರಡು ಸಲ ಫೋನ್ ಮಾಡು.

ಏಳು ಗಂಟೆಗೆ ಹೊರಡು, ವ್ಯಾನಿನ ಮುಂದೆ ಸರದಿ ಉದ್ದವಾಗುವ ಮೊದಲು. ನಾನು ನಾಳೆ ಬರಲಾರೆ, ಮಗಳ ಮನೆಗೆ ಹೋಗಬೇಕು. ಟೈರಿನ ಗಾಳಿ ಇವತ್ತೇ ನೋಡಿಕೋ. ಚಿಲ್ಲರೆ ಇಟ್ಟುಕೋ. ಎದುರಿಗೆ ಬರುವ ಬೈಕಿನವರು ತಲೆಯಾಡಿಸುತ್ತಾರೆ, ನೀನೂ ಆಡಿಸು.

ಒಂದು ನಿಮಿಷ ನಿಲ್ಲು, ಒಳಗಿಂದ ತಂದೆ. ಹಿಡಿ, ಮುಳ್ಳು ನೋಡಿಕೊಂಡು. ಹೌದು, ಅದೇ ಮರದ ಬಿಲ್ಲೆ. ರಿಬಲ್‌ಹೆಡ್‌ನಲ್ಲಿ ಹುಲ್ಲಿನ ಮೇಲೆ ನಿಲ್ಲಿಸಬೇಕಾದರೆ ಸ್ಟ್ಯಾಂಡಿನ ಕೆಳಗೆ ಇಡು, ಗೀರು ಬಿದ್ದ ಮುಖ ಮೇಲಕ್ಕೆ ಬರಲಿ, ಆಗ ಜಾರುವುದಿಲ್ಲ.