ಜಗಲಿ ತಿನ್ನುವ ಸ್ಕ್ವೇರ್ ಫೀಟು

ನಮ್ಮ ಉಡುಪಿ ಜಿಲ್ಲೆಯಲ್ಲಿ ಮನೆಗೆ ಎರಡು ಮಾಡು. ಒಂದು ಎಂಜಿನಿಯರು ಹಾಕಿಸಿದ್ದು, ಕಾಂಕ್ರೀಟಿನದ್ದು. ಇನ್ನೊಂದು ಮಳೆ ಹಾಕಿಸಿದ್ದು, ತಗಡು ಶೀಟಿನದ್ದು. ಗೃಹಪ್ರವೇಶದ ದಿನ ಟ್ಯಾರೇಸು ಬಟಾಬಯಲಾಗಿಯೇ ಇರುತ್ತದೆ. ಊಟ ಮುಗಿಸಿದ ನೆಂಟರು ಮೇಲೆ ಹತ್ತಿ ‘ಗಾಳಿ ಲಾಯ್ಕುಂಟು’ ಎಂದು ಸರ್ಟಿಫಿಕೇಟು ಕೊಟ್ಟು ಇಳಿಯುತ್ತಾರೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಮಲಗುವ ಕೋಣೆಯ ಮೂಲೆಯಲ್ಲಿ ಒಂದು ಕಲೆ ಮೂಡುತ್ತದೆ. ಮನೆಯವರು ಅದರ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು, ಬೆಳೆಯುತ್ತಿದೆಯೋ ನಿಂತಿದೆಯೋ ಎಂದು ನೋಡುತ್ತಾರೆ. ಬೆಳೆಯುತ್ತಿರುತ್ತದೆ. ಮೂರನೆಯ ವರ್ಷ ಕಬ್ಬಿಣದ ಕಂಬ ಏಳುತ್ತದೆ, ನೀಲಿಯದೋ ಕೆಂಪಿನದೋ ಶೀಟು ಬಂದು ಕೂರುತ್ತದೆ. ವರ್ಷಕ್ಕೆ 4000 ಮಿಲಿಮೀಟರಿನ ಆಸುಪಾಸು ಮಳೆ ಹೊಯ್ಯುವ ಊರಿನಲ್ಲಿ ಮಾಡನ್ನು ಚಪ್ಪಟೆ ಮಾಡಿಟ್ಟು ನೀರಿಗೆ ‘ಸ್ವಲ್ಪ ಕೂತು ಹೋಗಿ’ ಎಂದು ಉಪಚಾರ ಹೇಳಿದರೆ ಅದು ಕೂರದೆ ಹೋದೀತೇ?

ಆರ್ಕಿಟೆಕ್ಟ್ ಎಂದು ನನ್ನ ಬೋರ್ಡಿನಲ್ಲಿ ಬರೆದಿದೆ. ಊರಲ್ಲಿ ಹಾಗೆಂದು ಕರೆಯುವವರಿಲ್ಲ. ‘ಪ್ಲ್ಯಾನ್ ಮಾಡುವವರು’ ಎನ್ನುತ್ತಾರೆ. ಮರ್ಯಾದೆ ಹೆಚ್ಚಾದರೆ ‘ಎಂಜಿನಿಯರ್ರು’. ಮಣಿಪಾಲದ ವಾಸ್ತುಶಿಲ್ಪ ವಿದ್ಯಾರ್ಥಿಗಳು ಮಾತ್ರ ಪೂರ್ತಿ ಹೆಸರು ಹಿಡಿದು, ‘ಸಾರ್, ನಿಮಗೆ ಡಿಸೈನಿನ ಸ್ಫೂರ್ತಿ ಎಲ್ಲಿಂದ ಬರುತ್ತದೆ?’ ಎಂದು ಕೇಳುತ್ತಾರೆ. ಅವರಿಗೆ ಬೇಕಾದ ಉತ್ತರ ಜಪಾನೋ ಬಾರ್ಸಿಲೋನಾವೋ. ‘ಟ್ಯಾರೇಸಿನ ಶೀಟಿನ ಅಡಿಯಿಂದ’ ಎಂದರೆ ತಮಾಷೆ ಎಂದುಕೊಳ್ಳುತ್ತಾರೆ.

ತಮಾಷೆ ಅಲ್ಲ. ಆ ಶೀಟಿನ ಕೆಳಗೆ ಒಮ್ಮೆ ಹೋಗಿ ನೋಡಿ. ಒಂದು ಬದಿಯಲ್ಲಿ ತೆಂಗಿನಕಾಯಿ ರಾಶಿ, ಇನ್ನೊಂದು ಬದಿಯಲ್ಲಿ ಜುಲೈ ತಿಂಗಳಿಡೀ ಒಣಗದ ಬಟ್ಟೆ, ನಡುವೆ ಮಕ್ಕಳ ಕ್ರಿಕೆಟ್ಟು. ನಾಮಕರಣಕ್ಕೆ ಬಾಳೆಲೆ ಹಾಕುವುದು ಅಲ್ಲಿ. ನೆರೆಮನೆಯವರೊಡನೆ ಟ್ಯಾರೇಸಿನಿಂದ ಟ್ಯಾರೇಸಿಗೆ ಮಾತುಕತೆ ನಡೆಯುವುದೂ ಅಲ್ಲಿಯೇ. ಕೆಳಗೆ ಡ್ರಾಯಿಂಗ್ ರೂಮಿನಲ್ಲಿ ಸೋಫಾ ಇನ್ನೂ ಪ್ಲಾಸ್ಟಿಕ್ ಕವರಿನೊಳಗೆ ಇರುತ್ತದೆ. ನಾವು ಪ್ಲ್ಯಾನಿನಿಂದ ಹೊಡೆದುಹಾಕಿದ ಜಗಲಿ ಸುಮ್ಮನೆ ಮೆಟ್ಟಿಲು ಹತ್ತಿ ಮೇಲೆ ಹೋಗಿ ಕೂತಿದೆ, ಅಷ್ಟೇ.

ಹಳಬರಿಗೆ ಈ ಗೋಜಲು ಇರಲಿಲ್ಲ. ಗೋಡೆಗೆ ಕೆಂಪುಕಲ್ಲು, ಮೇಲೆ ಇಳಿಜಾರು ಮಾಡು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಮುಳಿಹುಲ್ಲು ಹೋಗಿ ಹಂಚು ಬಂತು, ಆದರೆ ಇಳಿಜಾರು ಹೋಗಲಿಲ್ಲ. ಕೆಂಪುಕಲ್ಲೂ ವಿಚಿತ್ರ ಸ್ವಭಾವದ್ದು. ನೆಲದೊಳಗೆ ಇರುವಾಗ ಮೆತ್ತಗೆ, ಗಾಳಿ ಬಿಸಿಲು ಕಂಡ ಮೇಲೆ ಗಟ್ಟಿ. ನನ್ನ ಜೊತೆ ಕೆಲಸ ಮಾಡುವ ಮೇಸ್ತ್ರಿಯೊಬ್ಬರು ಲಾರಿಯಿಂದ ಕಲ್ಲು ಇಳಿಸುವಾಗ ಒಂದೊಂದನ್ನೂ ಕರಣೆಯ ಹಿಡಿಯಿಂದ ತಟ್ಟುತ್ತಾರೆ. ‘ಟಣ್’ ಎಂದರೆ ಗೋಡೆಗೆ, ‘ದೊಬ್’ ಎಂದರೆ ಕಾಂಪೌಂಡಿಗೆ. ದೊಬ್ ಎಂದ ಕಲ್ಲನ್ನು ತಿರುಗಿಸಿ ತೋರಿಸುತ್ತಾರೆ: ತೂತಿನೊಳಗೆ ಬಿಳಿ ಜೇಡಿ, ಬೆರಳು ಹಾಕಿದರೆ ಪುಡಿಯಾಗಿ ಬರುತ್ತದೆ. ಎರಚಲು ಬಡಿದರೆ ಇಂಥ ಕಲ್ಲು ಕರಗುತ್ತದೆ. ಅದಕ್ಕೇ ಸೂರು ಮುಂದಕ್ಕೆ ಚಾಚಿದ್ದು, ಸೂರು ಚಾಚಿದ್ದಕ್ಕೇ ಅದರಡಿಯಲ್ಲಿ ಜಗಲಿ ಹುಟ್ಟಿದ್ದು. ಗೋಡೆಯನ್ನು ಕಾಪಾಡಲು ಹೋಗಿ ಮನುಷ್ಯರಿಗೆ ಕೂರಲು ಜಾಗವಾಯಿತು. ಇದಕ್ಕಿಂತ ಒಳ್ಳೆಯ ಡಿಸೈನನ್ನು ನಾನು ಯಾವ ಪತ್ರಿಕೆಯಲ್ಲೂ ನೋಡಿಲ್ಲ.

ಉಡುಪಿಯ ರಥಬೀದಿಯಲ್ಲಿ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಅಷ್ಟಮಠಗಳು ಅಲ್ಲಿ ಬೀದಿಯನ್ನು ಸುತ್ತುವರಿದು, ಮುಂದೆ ಜಗಲಿ ಬಿಟ್ಟುಕೊಂಡು ನಿಂತಿವೆ. ಬೀದಿ ಎಲ್ಲಿ ಮುಗಿಯಿತು, ಮಠ ಎಲ್ಲಿ ಶುರುವಾಯಿತು ಎಂಬ ತಕರಾರು ಅಲ್ಲಿ ಏಳುವುದಿಲ್ಲ. ಎರಡು ವರ್ಷಕ್ಕೊಮ್ಮೆ, ಜನವರಿ 18ರ ನಸುಕಿನಲ್ಲಿ ಪರ್ಯಾಯದ ಮೆರವಣಿಗೆ ಬರುವಾಗ ಇಡೀ ಬೀದಿಯೇ ಒಂದು ರಂಗಸ್ಥಳ. ಮಿಕ್ಕ ದಿನ ಯಾರೋ ಒಬ್ಬರು ಚಪ್ಪಲಿ ಪಕ್ಕಕ್ಕಿಟ್ಟು, ಕಂಬಕ್ಕೆ ಒರಗಿ ತೂಕಡಿಸುತ್ತಿರುತ್ತಾರೆ. ಎರಡಕ್ಕೂ ಅದೇ ಜಾಗ, ಒಂದು ಕುರ್ಚಿಯನ್ನೂ ಆಚೀಚೆ ಸರಿಸಬೇಕಾಗಿಲ್ಲ. ಅಲ್ಲೇ ಮಧ್ವ ಸರೋವರದ ಹತ್ತಿರ ಕಟ್ಟಿಗೆ ರಥ ಉಂಟು. ಪರ್ಯಾಯಕ್ಕೆ ಮುಂಚೆ ಮುಹೂರ್ತ ಮಾಡಿ ಸೌದೆಯನ್ನೇ ರಥದ ಆಕಾರಕ್ಕೆ ಜೋಡಿಸುತ್ತಾರೆ, ಆಮೇಲೆ ಅದೇ ಸೌದೆ ಅಡುಗೆ ಒಲೆಗೆ. ಕಟ್ಟಡ ನೂರು ವರ್ಷ ಬಾಳಬೇಕು ಎಂದು ಭಾಷಣ ಮಾಡುವ ನಮ್ಮಂಥವರು ಅದರ ಮುಂದೆ ಸ್ವಲ್ಪ ಹೊತ್ತು ಬಾಯಿ ಮುಚ್ಚಿಕೊಂಡು ನಿಲ್ಲುವುದು ಒಳ್ಳೆಯದು. ಉರಿದು ಅನ್ನವಾಗುವ ಭಾಗ್ಯ ನಮ್ಮ ಯಾವ ಕಟ್ಟಡಕ್ಕೂ ಇಲ್ಲ.

ಕಾರ್ಕಳದ ಕಥೆಯೇ ಬೇರೆ. ಮನೆ ಕಟ್ಟಿಸುವವರು ನನ್ನಲ್ಲಿ ಮೊದಲು ಕೇಳುವ ಪ್ರಶ್ನೆ, ‘ಬಾಗಿಲು ಯಾವ ದಿಕ್ಕಿಗೆ?’ ಗಂಡನ ಕಡೆಯ ಜೋಯಿಸರು ಪೂರ್ವ ಎಂದಿರುತ್ತಾರೆ, ಹೆಂಡತಿಯ ಕಡೆಯವರು ಉತ್ತರ ಎಂದಿರುತ್ತಾರೆ, ರಸ್ತೆ ಪಶ್ಚಿಮಕ್ಕಿರುತ್ತದೆ. ಕಾರ್ಕಳದ ಅರಸ ಇಮ್ಮಡಿ ಭೈರರಸ ಒಡೆಯ 1586ರಲ್ಲೇ ಈ ಜಗಳಕ್ಕೆ ಪರಿಹಾರ ಕಂಡುಕೊಂಡ: ನಾಲ್ಕು ದಿಕ್ಕಿಗೂ ಬಾಗಿಲು, ನಾಲ್ಕೂ ಒಂದೇ ಥರ. ಅವನು ಕಟ್ಟಿಸಿದ ಚತುರ್ಮುಖ ಬಸದಿಗೆ ಹಿತ್ತಿಲೇ ಇಲ್ಲ. ಯಾವ ಬಾಗಿಲಲ್ಲಿ ನಿಂತರೂ ಅರ, ಮಲ್ಲಿ, ಮುನಿಸುವ್ರತ ಎಂಬ ಮೂವರು ತೀರ್ಥಂಕರರು ಎದುರಿಗೆ. ಸುತ್ತಲೂ ಕಲ್ಲುಕಂಬಗಳ ಹೊರಜಗಲಿ, ಮೇಲೆ ಕಲ್ಲಿನ ಚಪ್ಪಡಿ. ಒಟ್ಟು 108 ಕಂಬ ಎನ್ನುತ್ತಾರೆ; ಎಣಿಸಲು ಹೊರಟವರು ಎರಡನೆಯ ಮೂಲೆ ತಿರುಗುವಷ್ಟರಲ್ಲಿ ಯಾವ ಬಾಗಿಲಿಂದ ಹೊರಟೆವು ಎಂಬುದನ್ನೇ ಮರೆಯುತ್ತಾರೆ. ಆ ಜಗಲಿಯಲ್ಲಿ ನಿಂತರೆ ಎದುರು ಬೆಟ್ಟದ ಮೇಲೆ 1432ರ ಗೊಮ್ಮಟ, 42 ಅಡಿ ಎತ್ತರ, ತಲೆಯ ಮೇಲೆ ಸೂರಿಲ್ಲದೆ ಮಳೆಯಲ್ಲಿ ನೆನೆಯುತ್ತ ನಿಂತಿರುತ್ತಾನೆ. ಸೂರು ಬೇಕಾಗಿದ್ದು ನೋಡಲು ಬಂದ ನಮಗೆ. ಅರಸ ಬಸದಿಯ ಜಾಗವನ್ನು ಈ ಲೆಕ್ಕ ಹಾಕಿಯೇ ಆರಿಸಿದನೋ ಇಲ್ಲವೋ, ನನಗಂತೂ ಮಳೆಗಾಲದಲ್ಲಿ ಅಲ್ಲಿಗೆ ಹೋಗಲು ಅಷ್ಟು ಕಾರಣ ಸಾಕು.

ಕಾಪುವಿನ ದೀಪಸ್ತಂಭ ನನ್ನ ಜಗಲಿ ಸಿದ್ಧಾಂತವನ್ನು ಲೆಕ್ಕಕ್ಕಿಡುವುದಿಲ್ಲ. 1901ರಲ್ಲಿ ಕಡಲ ದಂಡೆಯ ಬಂಡೆಯ ಮೇಲೆ ಕಟ್ಟಿದ್ದು, ಸುಮಾರು 27 ಮೀಟರ್ ಎತ್ತರ, ಮೈಯೆಲ್ಲ ಗುಂಡಗೆ. ಬಂದವರನ್ನು ಕೂರಿಸುವ ಉದ್ದೇಶ ಅದಕ್ಕಿಲ್ಲ. ದೂರದಲ್ಲಿ ಹೋಗುವವರಿಗೆ ದಾರಿ ತೋರಿಸಿದರೆ ಅದರ ಕೆಲಸ ಮುಗಿಯಿತು. ಆದರೆ ಸಂಜೆ ಹೋಗಿ ನೋಡಿ, ಜನ ಬುಡದ ಬಂಡೆಯನ್ನೇ ಜಗಲಿ ಮಾಡಿಕೊಂಡು ಸಾಲಾಗಿ ಕೂತಿರುತ್ತಾರೆ, ಎಲ್ಲರೂ ಕಟ್ಟಡಕ್ಕೆ ಬೆನ್ನು ಹಾಕಿ, ಚುರುಮುರಿ ಪೊಟ್ಟಣ ಹಿಡಿದು, ಮುಳುಗುವ ಸೂರ್ಯನ ಕಡೆ ಮುಖ ಮಾಡಿ. ನೂರಿಪ್ಪತ್ತು ವರ್ಷದಿಂದ ಬೆನ್ನು ನೋಡಿಕೊಂಡು ನಿಂತ ಕಟ್ಟಡಕ್ಕೆ ಬೇಜಾರಾದ ಹಾಗೆ ಕಾಣುವುದಿಲ್ಲ. ನಮಗೆ ಮಾತ್ರ ನಾವು ಕಟ್ಟಿದ್ದನ್ನು ಯಾರೂ ತಿರುಗಿ ನೋಡದಿದ್ದರೆ ರಾತ್ರಿ ನಿದ್ದೆ ಬರುವುದಿಲ್ಲ.

ಹಳೆಯ ಮನೆಗಳ ಮಾತು ಬಂದರೆ ಮಣಿಪಾಲದ ವಿಜಯನಾಥ ಶೆಣೈಯವರನ್ನು ಬಿಟ್ಟು ಮುಂದೆ ಹೋಗುವ ಹಾಗಿಲ್ಲ. ಬ್ಯಾಂಕಿನ ಉದ್ಯೋಗದಲ್ಲಿದ್ದವರು, ವಾಸ್ತುಶಿಲ್ಪದ ಪದವಿ ಇಲ್ಲದವರು. ಕೆಡವಿ ಸೌದೆಯಾಗಲಿದ್ದ ಮನೆಗಳನ್ನು ಬಿಚ್ಚಿಸಿ ತಂದು, ಕಂಬಕ್ಕೆ ಕಂಬ, ತೊಲೆಗೆ ತೊಲೆ ಕೂಡಿಸಿ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಕಟ್ಟಿದರು. ಕಾರ್ಕಳದ ಬಳಿಯ ಮಿಯಾರಿನ ಮನೆ, ಕುಂಜೂರಿನ ಚೌಕಿ ಮನೆ, ಅಷ್ಟೇ ಅಲ್ಲ, ಘಟ್ಟದ ಮೇಲಿನ ಕುಕನೂರಿನ ಕಮಲ ಮಹಲ್ ಕೂಡ ಈಗ ಮಣಿಪಾಲದ ಕೆಂಪುಕಲ್ಲು ನೆಲದ ಮೇಲಿದೆ. ಶೆಣೈಯವರು 2017ರಲ್ಲಿ ತೀರಿಕೊಂಡರು. ಶ್ರೀಲಂಕಾದ ಜೆಫ್ರಿ ಬಾವಾ ಕೂಡ ಮೊದಲು ವಕೀಲರು, ಆಮೇಲೆ ಆರ್ಕಿಟೆಕ್ಟ್. ಮಳೆಯ ನಾಡಿನಲ್ಲಿ ಸೂರು, ಅಂಗಳ, ಜಗಲಿಗಳನ್ನೇ ನೆಚ್ಚಿ ಅವರು ಕಟ್ಟಿದ್ದನ್ನು ನೋಡಲು ಜಗತ್ತೇ ಅಲ್ಲಿಗೆ ಹೋಗುತ್ತದೆ. ಬ್ಯಾಂಕು, ಕೋರ್ಟುಗಳಲ್ಲಿ ಕೂತವರಿಗೆ ಜಗಲಿಯ ಬೆಲೆ ನಮಗಿಂತ ಬೇಗ ತಿಳಿಯುತ್ತದೋ ಏನೋ. ಹೆರಿಟೇಜ್ ವಿಲೇಜಿನಲ್ಲಿ ನನಗಿರುವ ಸಂಕಟ ಒಂದೇ: ಮ್ಯೂಸಿಯಂ ಆದ ಮನೆಯ ಜಗಲಿಯಲ್ಲಿ ಕಾಲು ಚಾಚಿ ಎಲೆಯಡಿಕೆ ಹಾಕುವ ಹಾಗಿಲ್ಲ. ಅದಕ್ಕೆ ಮನೆಯೇ ಬೇಕು.

ಇತ್ತೀಚೆಗೆ ಮುಂಬಯಿಯಲ್ಲಿ ಹೋಟೆಲು ನಡೆಸುವವರೊಬ್ಬರು ಕಾಪು ಕಡೆಯ ತಮ್ಮ ಎಂಟು ಸೆಂಟ್ಸ್ ಜಾಗಕ್ಕೆ ಪ್ಲ್ಯಾನ್ ಮಾಡಿಸಲು ತಾಯಿಯೊಡನೆ ಬಂದಿದ್ದರು. ಹಾಳೆಯ ಮೇಲೆ ಬೆರಳಿಟ್ಟು ಕೇಳಿದರು:

‘ಈ ಜಗಲಿ ಎಷ್ಟು ಸ್ಕ್ವೇರ್ ಫೀಟು ತಿಂತದೆ ಮಾರಾಯ್ರೆ?’

‘ನೂರಿಪ್ಪತ್ತು.’

‘ಅಯ್ಯೋ, ಅಷ್ಟರಲ್ಲಿ ಒಂದು ಬೆಡ್‌ರೂಮು ಆಗ್ತದಲ್ಲ!’

ಅಲ್ಲಿಯವರೆಗೆ ನನ್ನ ಕ್ಯಾಲೆಂಡರಿನ ದೇವರನ್ನು ನೋಡುತ್ತಿದ್ದ ತಾಯಿ ಈ ಕಡೆ ತಿರುಗಿದರು. ‘ಜಗಲಿ ಇಲ್ಲದಿದ್ರೆ ಒದ್ದೆ ಕೊಡೆ ಎಲ್ಲಿ ಇಡುವುದು ಮಗಾ? ಮೀನಿನವಳು ಬುಟ್ಟಿ ಎಲ್ಲಿ ಇಳಿಸುವುದು?’

‘ಮೀನು ಈಗ ಮೊಬೈಲಲ್ಲಿ ಆರ್ಡರ್ ಮಾಡಿದ್ರೆ ಬರ್ತದಮ್ಮ.’

‘ತಂದುಕೊಡುವ ಹುಡುಗ ಮಳೆಯಲ್ಲಿ ನಿಲ್ಲುವುದಾ?’

ಐದು ವರ್ಷ ಕಾಲೇಜಿನಲ್ಲಿ ಓದಿದ ನನಗೂ ಹೊಳೆಯದ ವಾದ ಅದು. ಜಗಲಿ ಉಳಿಯಿತು. ಮರುದಿನ ಅವರಿಂದ ಫೋನು: ಜಗಲಿ ಇರಲಿ, ಆದರೆ ಸುತ್ತ ಸ್ಲೈಡಿಂಗ್ ಗ್ಲಾಸು ಹಾಕಿ ಏಸಿ ಕೂರಿಸಿದರೆ ಹೇಗೆ? ಅಮ್ಮನಿಗೆ ಈ ವಿಷಯ ಇನ್ನೂ ಹೇಳಿಲ್ಲವಂತೆ. ಹೇಳಿದ ಮೇಲೆ ಫೋನ್ ಮಾಡಿ ಎಂದಿದ್ದೇನೆ.

ಮನೆ ಕಟ್ಟಿಸುವ ಯೋಚನೆ ಇರುವ ಓದುಗರು ನನ್ನಲ್ಲಿಗೇ ಬರಬೇಕೆಂದಿಲ್ಲ. ಯಾರ ಹತ್ತಿರ ಹೋದರೂ ಸೂರನ್ನು ಗೋಡೆಯಿಂದ ಮೂರಡಿಯಾದರೂ ಹೊರಗೆ ತರಿಸಿ. ಜಗಲಿಗೆ ಆರಡಿ ಅಗಲಕ್ಕಿಂತ ಕಡಿಮೆ ಒಪ್ಪಬೇಡಿ. ಗ್ರಿಲ್ಲು, ಗಾಜಿನ ಆಸೆಯನ್ನು ಒಂದು ಮಳೆಗಾಲ ಮುಂದಕ್ಕೆ ಹಾಕಿ. ದುಡ್ಡು ಸಾಲದಿದ್ದರೆ ಫಾಲ್ಸ್ ಸೀಲಿಂಗು ಬಿಡಿ.